ಕೊಕ್ಕರೆ ನೀರು

ಆ ಮನೆಯಲ್ಲಿ ಎಲ್ಲರ ಕೈಗೂ ಫೋಟೊ ಹೊಡೆಸಿಕೊಳ್ಳುವ ಯೋಗ ಬಂತು, ಒಬ್ಬಳ ಕೈಯೊಂದನ್ನು ಬಿಟ್ಟು.

ಅಡುಗೆಮನೆಯ ಗೋಡೆಗೆ ಹಸಿರು ಬಟ್ಟೆ ಬಿಗಿದು, ಊಟದ ಮೇಜನ್ನು ಅದಕ್ಕೆ ಒತ್ತರಿಸಿ, ಎರಡು ಪಕ್ಕಕ್ಕೂ ದೀಪ ನಿಲ್ಲಿಸಿ, ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಕ್ಯಾಮೆರಾ ಹಿಂದೆ ನಿಂತಿದ್ದಳು. ಅವಳು ಕೆಲಸ ಮಾಡುವುದು ಫೋಟೊ ಸ್ಟುಡಿಯೊದಲ್ಲಿ. ಮೊದಲು ಅಮ್ಮನ ಸರದಿ.

"ಉಗುರಲ್ಲಿ ಹಿಟ್ಟಿದೆ ಕಣೇ, ತೊಳ್ಕೊಂಡ್ ಬರ್ತೀನಿ."

"ಇರ್ಲಿ ಬಿಡಮ್ಮ. ಎಲ್ಲಾ ಥರದ ಕೈನೂ ಬೇಕಂತೆ ಕಂಪನಿಗೆ."

"ಹಿಟ್ಟಿನ ಕೈ ಯಾಕಂತೆ? ಮೆಷಿನ್ನು ರೊಟ್ಟಿ ಸುಡುತ್ತಾ?" ಎಂದ ಅಪ್ಪ. ಇಪ್ಪತ್ತೈದು ವರ್ಷ ಸಿಟಿ ಬಸ್ಸಿನ ಸ್ಟೇರಿಂಗ್ ಹಿಡಿದು ಅವನ ಅಂಗೈ ಚಪ್ಪಲಿ ಅಟ್ಟೆಯಂತಾಗಿತ್ತು. "ನನ್ನ ಕೈ ನೋಡಿದ್ರೆ ಮೆಷಿನ್ನೇ ಹಾರ್ನ್ ಹೊಡೆಯುತ್ತೆ."

"ಮಾತು ಸಾಕು, 'ನೀರು' ಮಾಡಿ," ಎಂದಳು ದೊಡ್ಡವಳು.

ಅಪ್ಪ ಐದೂ ಬೆರಳು ಕೂಡಿಸಿ ಕೊಕ್ಕಿನಂತೆ ಮಾಡಿ, ಮಣಿಕಟ್ಟು ಬಗ್ಗಿಸಿ ಕೆಳಗೆ ಅದ್ದಿ, ಬಾಯಿಯ ಹತ್ತಿರ ತಂದ. ಕ್ಯಾಮೆರಾ ಕ್ಲಿಕ್ ಅಂದಿತು. ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿ, "ಅದು ಕೊಕ್ಕರೆನೋ, ಬಾತುಕೋಳಿನೋ? ಕತ್ತು ಇನ್ನೂ ಬಗ್ಬೇಕು," ಎಂದು ಅಳಿಯನನ್ನು ತಿದ್ದಿದಳು.

ಅಜ್ಜಿಗೆ ತಿದ್ದುವ ಹಕ್ಕಿತ್ತು. ಆ ಸನ್ನೆಗಳೆಲ್ಲ ಅವಳ ಹೊಟ್ಟೆಯಿಂದ ಬಂದ ಕೂಸುಗಳೇ. ಚಿಕ್ಕ ಮೊಮ್ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದ ದಿನ ಮನೆಯವರೆಲ್ಲ ಅತ್ತರೆ ಅಜ್ಜಿ ಮಾತ್ರ ಚಡಪಡಿಸಿದ್ದಳು: ಹಾಗಾದರೆ ಈ ಮಗುವಿಗೆ ಕತೆ ಹೇಳುವುದು ಹೇಗೆ? ಶಾಲೆಯ ಮೇಡಂ, "ಕೈ ಆಡಿಸಿದ್ರೆ ಬಾಯಿ ಬರಲ್ಲ," ಎಂದು ಮಗುವಿನ ಕೈಯನ್ನು ಬೆಂಚಿನ ಕೆಳಗೆ ಇಡಿಸುತ್ತಿದ್ದಳು. ಮನೆಗೆ ಬಂದರೆ ಅಜ್ಜಿ ಆ ಕೈಗಳನ್ನು ಬಿಚ್ಚಿಸುತ್ತಿದ್ದಳು. ಬೆಟ್ಟದಾಚೆಯ ತವರಿಗೆ ಕೊಕ್ಕಿನಲ್ಲೇ ನೀರು ಹೊತ್ತ ಕೊಕ್ಕರೆಯ ಕತೆಯಿಂದ 'ನೀರು' ಬಂತು. ಚೇಳಿನಿಂದ ಕುಟುಕಿಸಿಕೊಂಡ ರಾಜನ ಕತೆಯಿಂದ ಬೆರಳನ್ನು ಕೊಕ್ಕೆ ಮಾಡಿ ಅಂಗೈಗೆ ಚುಚ್ಚುವ 'ನೋವು' ಬಂತು. ಸೂರ್ಯನನ್ನು ದಿಂಬಿನಡಿ ಬಚ್ಚಿಟ್ಟು ಮಲಗಿದ ರಾಕ್ಷಸನಿಂದ, ಮುಷ್ಟಿಯನ್ನು ಕೆನ್ನೆಯಡಿ ಇಡುವ 'ನಾಳೆ'. ಮಗುವಿನ ಕೈಗಳು ಎರಡು ರೆಕ್ಕೆಯಂತೆ ಹಾರಾಡುತ್ತಿದ್ದವು. ಅಜ್ಜಿಯೇ ಅವಳನ್ನು ಚಿಟ್ಟೆ ಎಂದು ಕರೆದಳು. ಆ ಹೆಸರನ್ನು ಅವಳು ಒಮ್ಮೆಯೂ ಕೇಳಲಿಲ್ಲ, ಆದರೂ ಅದೇ ಉಳಿಯಿತು.

ಆ ಹೊತ್ತಿಗೆ ಚಿಟ್ಟೆ ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮನೆಯಲ್ಲಿ ಏನು ನಡೆಯುತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಅವಳಿಗೆ ಈಗ್ಲೇ ಹೇಳ್ಬೇಡ. ಎಲ್ಲಾ ರೆಡಿ ಆದ್ಮೇಲೆ ಕರ್ಕೊಂಡ್ ಹೋಗಿ ತೋರ್ಸು, ಎಷ್ಟು ಖುಷಿ ಪಡ್ತಾಳೆ!" ಎಂದಿದ್ದಳು ಅಮ್ಮ.

ಕೆಲಸ ಬಂದದ್ದು ಸ್ಟುಡಿಯೊದ ಯಜಮಾನರ ಮೂಲಕ. ಯಾವುದೋ ಕಂಪನಿ, ಕಿವುಡರ ಕೈ ನೋಡಿ ಮಾತು ಓದುವ ಪರದೆ ಮಾಡುತ್ತಿದೆ, ಆಸ್ಪತ್ರೆಯ ಕಿಟಕಿಯಲ್ಲಿ ಇಡುತ್ತಾರೆ, ಅದಕ್ಕೆ ಸಾವಿರಾರು ಕೈಗಳ ಚಿತ್ರ ಬೇಕು ಎಂದರು.

"ನಿನ್ನ ತಂಗಿಗೆ ಕಿವಿ ಕೇಳಲ್ಲ ಅಲ್ವೇನಮ್ಮ? ಹಾಗಾದ್ರೆ ನಿನಗೆ ಸನ್ನೆ ಬರುತ್ತೆ."

"ಬರುತ್ತೆ ಸಾರ್. ಅವಳನ್ನೇ ಕರ್ಕೊಂಡ್ ಬರ್ಲಾ?"

"ಅಯ್ಯೋ, ಅವಳಿಗೆ ಒಂದೊಂದು ಪದ ಹೇಳಿ, ಅರ್ಥ ಮಾಡ್ಸಿ... ಯಾರಿಗಿದೆ ಪುರುಸೊತ್ತು? ನೀನು ಮಾಡು. ಮನೇಲಿ ಇರೋರ ಕೈನೂ ಹಾಕು. ಮುದುಕರು, ಹೆಂಗಸರು, ದಪ್ಪ, ಸಣ್ಣ ಎಲ್ಲಾ ಬರ್ಲಿ."

ಬರುತ್ತೆ ಎಂದದ್ದು ದೊಡ್ಡವಳ ಮಟ್ಟಿಗೆ ಸುಳ್ಳಲ್ಲ. ಚಿಕ್ಕಂದಿನಿಂದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಡಾಕ್ಟರ ಮುಂದೆ ತಂಗಿಯ ಬಾಯಿಯಾಗಿ ನಿಂತವಳು ಅವಳೇ. ಭಾನುವಾರ ಕಿವುಡರ ಕೂಟದಲ್ಲಿ ಚಿಟ್ಟೆ ಬೇರೆ ಥರ, ಕಣ್ಣಿಗೆ ಸಿಗದಷ್ಟು ಬೇಗ ಕೈ ಆಡಿಸುವುದನ್ನು ಒಂದೆರಡು ಸಲ ಕಂಡಿದ್ದಳು. ಗೆಳತಿಯರ ಗುಟ್ಟಿನ ಭಾಷೆ ಇರಬೇಕು ಎಂದುಕೊಂಡು ನಕ್ಕಿದ್ದಳು. ಕೇಳಲು ಹೋಗಿರಲಿಲ್ಲ.

ಮೂರು ವಾರ ಅಡುಗೆಮನೆಯಲ್ಲಿ ಊಟ, ತೊಳೆತ, ಫೋಟೊ ಒಂದರ ಮೇಲೊಂದು ನಡೆಯಿತು; ಚಿಟ್ಟೆ ಬರುವ ಮುಂಚೆ ಹಸಿರು ಬಟ್ಟೆ ಮಡಚಿಡುತ್ತಿದ್ದರು. ಕೈಗಳನ್ನು ಕತ್ತರಿಸಿ, ಹಸಿರು ಅಳಿಸಿ, ಒಂದೊಂದಕ್ಕೂ ಪದದ ಚೀಟಿ ಅಂಟಿಸಿ ದೊಡ್ಡವಳು ಕಂಪನಿಗೆ ಕಳಿಸಿದಳು. ತಂಗಿ ಪರದೆಯ ಮುಂದೆ ನಿಂತು ತಾನೇ ಮಾತಾಡುವ ದಿನವನ್ನು ನೆನೆದು ಒಮ್ಮೊಮ್ಮೆ ಅವಳ ಕಣ್ಣು ತುಂಬುತ್ತಿತ್ತು.

*

ಆ ದಿನ ಬಂತು. ಅಕ್ಕತಂಗಿ ಆಸ್ಪತ್ರೆಗೆ ಹೋದಾಗ ಕಿಟಕಿಯ ಮುಂದೆ ಆಗಲೇ ಸಾಲಿತ್ತು. ಗಾಜಿನ ಮೇಲೆ, ಉದ್ಘಾಟನೆಗೆ ಮುಂಚೆಯೇ ಪ್ರಯೋಗಕ್ಕೆಂದು ಹಾಕಿದ ಹೊಸ ಪರದೆ ಹೊಳೆಯುತ್ತಿತ್ತು. ಪಕ್ಕದಲ್ಲಿ ದುಭಾಷಿ ಕೂರುತ್ತಿದ್ದ ಕುರ್ಚಿ ಖಾಲಿ. ಅದರ ಮೇಲೆ ಯಾರೋ ಹಳೇ ಫೈಲು ಪೇರಿಸಿದ್ದರು.

ಎಲ್ಲರಿಗಿಂತ ಮುಂದೆ ನಿಂತವಳು ಚಿಟ್ಟೆಯ ಗೆಳತಿ, ಕೂಟದಲ್ಲಿ ಎಲ್ಲರೂ ದರ್ಜಿ ಎಂದು ಕರೆಯುವವಳು. ತುಂಬು ಬಸುರಿ. ಅವಳ ಕೈಗಳು ಪರದೆಯ ಮುಂದೆ ಹೊಟ್ಟೆ ಮುಟ್ಟಿ, ಗಾಳಿಯಲ್ಲಿ ಏನನ್ನೋ ಕೇಳಿ, ಮತ್ತೆ ಹೊಟ್ಟೆಗೆ ಬಂದವು.

ಪರದೆ ಬರೆಯಿತು: ಅರ್ಥವಾಗಲಿಲ್ಲ. ದಯವಿಟ್ಟು ಮತ್ತೆ ಮಾಡಿ.

ದರ್ಜಿ ಮತ್ತೆ ಮಾಡಿದಳು.

ಅರ್ಥವಾಗಲಿಲ್ಲ. ದಯವಿಟ್ಟು ಮತ್ತೆ ಮಾಡಿ.

"ನಿಧಾನಕ್ಕೆ ಮಾಡೋಕೆ ಹೇಳಿ," ಎಂದ ಒಳಗಿನ ಗುಮಾಸ್ತ, ಕಿವಿ ಕೇಳುವವಳೆಂದು ಗುರುತಿಸಿ ದೊಡ್ಡವಳ ಕಡೆ ತಿರುಗಿ. "ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಇವರು ಯಾರೂ ಸರಿಯಾಗಿ ಮಾಡ್ತಾನೇ ಇಲ್ಲ."

"ಇವರ ಭಾಷೆ ಇವರಿಗೇ ಬರಲ್ವಾ ಸಾರ್?"

"ಮೆಷಿನ್ ಸರಿ ಇದೆ. ಟೆಸ್ಟ್ ಆಗಿದೆ."

ದರ್ಜಿಯ ಹಣೆ ಬೆವರಿತು. ಚಿಟ್ಟೆ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ನಿಂತು ಅದನ್ನೇ ಹೇಳಿದಳು. ಪರದೆ ಅದೇ ಹಾಡು ಹಾಡಿತು. ಬೇಸತ್ತ ಚಿಟ್ಟೆ ಅಕ್ಕನ ಕಡೆ ತಿರುಗಿ, ಮನೆಯಲ್ಲಿ ಮಾಡುವ ಹಾಗೆ ಕೊಕ್ಕು ಅದ್ದಿ ಬಾಯಿಗೆ ತಂದಳು: ಗಂಟಲು ಒಣಗಿತು, ನೀರಿದ್ದರೆ ಕೊಡು.

ಪರದೆ ಟಿಣ್ ಅಂದಿತು. ಹಸಿರು ಅಕ್ಷರ ಮೂಡಿತು: ನೀರು.

ಚಿಟ್ಟೆಯ ಕೈ ಬಾಯಿಯ ಹತ್ತಿರವೇ ನಿಂತಿತು. ಅವಳು ನಿಧಾನವಾಗಿ ಪರದೆಗೆ ಎದುರಾದಳು. ಬೆರಳು ಕೊಕ್ಕೆ ಮಾಡಿ ಅಂಗೈಗೆ ಚುಚ್ಚಿದಳು. ನೋವು, ಎಂದು ಬರೆಯಿತು ಪರದೆ. ಮುಷ್ಟಿಯನ್ನು ಕೆನ್ನೆಯಡಿ ಇಟ್ಟಳು. ನಾಳೆ, ಎಂದಿತು.

"ನೋಡಿದ್ರಾ, ಸರಿಯಾಗಿ ಮಾಡಿದ್ರೆ ಓದುತ್ತೆ," ಎಂದ ಗುಮಾಸ್ತ.

ಅಜ್ಜಿಯ ರಾಕ್ಷಸ, ಅಜ್ಜಿಯ ರಾಜ, ಅಜ್ಜಿಯ ಕೊಕ್ಕರೆ ಆ ಗಾಜಿನೊಳಗೆ ಹೇಗೆ ಹೊಕ್ಕವು? ಚಿಟ್ಟೆ ಅಕ್ಕನ ಮುಖ ನೋಡಿದಳು. ದೊಡ್ಡವಳು ಈ ದಿನಕ್ಕೆಂದು ಕೂಡಿಟ್ಟ ನಗು ಮುಖದ ಮೇಲೆ ಇನ್ನೂ ಅರ್ಧ ಉಳಿದಿತ್ತು. ಅದೊಂದೇ ಸಾಕಾಯಿತು ತಂಗಿಗೆ.

ಅವಳು ಗೆಳತಿಯ ಕೈ ಹಿಡಿದು ಓಡಿದಳು. ಈ ತಿಂಗಳ ಕೊನೆಗೆ ಕೆಲಸ ಮುಗಿಯಿತೆಂದು ಹೇಳಿಸಿಕೊಂಡ ದುಭಾಷಿ ಹಿಂದಿನ ಮೆಟ್ಟಿಲ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ದರ್ಜಿಯ ಕೈ ಒಮ್ಮೆ ಆಡಿದ್ದೇ ತಡ, ಬನ್ನು ಅಲ್ಲೇ ಬಿಟ್ಟು ಎದ್ದಳು. "ನಿನ್ನೆಯಿಂದ ಮಗು ಒದೀತಿಲ್ಲ ಅಂತಿದ್ದಾಳೆ! ಯಾರ್ರೀ ಇವಳನ್ನ ಇಷ್ಟೊತ್ತು ಸಾಲಲ್ಲಿ ನಿಲ್ಲಿಸಿದ್ದು?"

ಮಗುವಿನ ಎದೆ ಬಡಿತ ಸರಿಯಾಗಿತ್ತು, ಪುಣ್ಯ. ಎರಡು ದಿನ ಮಲಗಿಸಿಕೊಂಡು ನೋಡುತ್ತೇವೆ ಎಂದರು ಡಾಕ್ಟರು.

*

ಅಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದರು. ಚಿಟ್ಟೆ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ನಿಂತು ಕೈಯಲ್ಲಿ ಬಯ್ಯತೊಡಗಿದಳು. ಕೊಕ್ಕರೆ, ಚೇಳು, ರಾಕ್ಷಸ ಯಾವುದೂ ಅದರಲ್ಲಿರಲಿಲ್ಲ. ಹುಬ್ಬು ಕುಣಿಯಿತು, ಭುಜ ಕುಣಿಯಿತು, ಬೆರಳು ಗಾಳಿಯನ್ನು ಸೀಳಿತು. ಎದುರಿಗೆ ಕೂತ ನಾಲ್ವರೂ ಬಾಯಿ ಬಿಟ್ಟುಕೊಂಡು ನೋಡಿದರು. ಒಂದಕ್ಷರ ತಿಳಿಯಲಿಲ್ಲ. ಸ್ವಂತ ಮಗಳು ಜಗಳ ಆಡುತ್ತಿದ್ದಾಳೆ, ಯಾತಕ್ಕೆಂದು ತಿಳಿಯುವ ಗತಿ ಆ ಮನೆಗೆ ಇರಲಿಲ್ಲ.

ದೊಡ್ಡವಳು ಫೋನ್ ಮುಂದೆ ಚಾಚಿ, ಬರೆದು ತೋರಿಸು ಎಂದು ಸನ್ನೆ ಮಾಡಿದಳು. ಚಿಟ್ಟೆ ಅದನ್ನು ಬೋರಲು ಹಾಕಿ ಕೋಣೆಗೆ ಹೋಗಿ ಬಾಗಿಲು ಜಡಿದಳು.

"ಏನಂದ್ಲು?" ಎಂದ ಅಪ್ಪ.

"ನಂಗೇನ್ ಗೊತ್ತು?" ಎಂದಳು ಅಮ್ಮ.

"ನೀನು ತಾಯಿ ಅಲ್ವಾ?"

"ನೀವು ತಂದೆ ಅಲ್ವಾ?"

ಅಜ್ಜಿ ಮಡಿಲಲ್ಲಿ ಬೆರಳು ಕೂಡಿಸಿ, ಬಿಡಿಸಿ, ತನ್ನ ಕೊಕ್ಕರೆಯನ್ನೇ ನೋಡಿಕೊಳ್ಳುತ್ತಿದ್ದಳು.

ಮರುದಿನ ಸಂಜೆ ಚಿಟ್ಟೆ ಮನೆಗೆ ಒಬ್ಬಳೇ ಬರಲಿಲ್ಲ. ದುಭಾಷಿಯನ್ನು ಕರೆತಂದಳು. ಜಗಳಕ್ಕೆಂದೇ ಆಳು ಕರೆಸಿದ ಮಗಳನ್ನು ಅಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಬಂದವರಿಗೆ ಕುರ್ಚಿ ಎಳೆದು ಅನ್ನ ಬಡಿಸಿದಳು.

"ಊಟ ಆಮೇಲೆ ಅಮ್ಮ, ನನ್ನ ಕೈ ಎರಡೂ ಬೇಕು ಈಗ," ಎಂದಳು ದುಭಾಷಿ. "ಮೊದ್ಲೇ ಹೇಳ್ಬಿಡ್ತೀನಿ, ಇನ್ಮೇಲೆ ನನ್ನ ಬಾಯಲ್ಲಿ ಬರೋದು ನನ್ನ ಮಾತಲ್ಲ."

ಚಿಟ್ಟೆಯ ಕೈ ಎದ್ದಿತು. ದುಭಾಷಿಯ ಬಾಯಿ ತೆರೆಯಿತು:

"ಕಿವಿ ಇರೋ ನಾಲ್ಕು ಜನ ಕೂತು ಕಿವುಡರ ಭಾಷೆ ಮಾರಿದ್ದೀರಿ. ನಾನು ಇದೇ ಮನೇಲಿ ಇದ್ದೆ. ಒಬ್ರೂ ಕೇಳ್ಲಿಲ್ಲ."

"ಮಾರೋದೇನು ಬಂತು?" ಅಮ್ಮ ದುಭಾಷಿಯ ಕಡೆ ತಿರುಗಿ ದನಿ ಏರಿಸಿದಳು. "ಇವಳಿಗೆ ಒಳ್ಳೇದಾಗ್ಲಿ ಅಂತ ತಾನೆ ನಾವು..."

"ನನ್ನ ನೋಡ್ಬೇಡಿ ಅಮ್ಮ. ಅವಳನ್ನ ನೋಡಿ ಹೇಳಿ."

ಅಮ್ಮನಿಗೆ ಅದು ಎಷ್ಟು ಕಷ್ಟವಾಯಿತೆಂದರೆ, ಮಗಳ ಮುಖ ನೋಡಿದ ಕೂಡಲೇ ಮುಂದಿನ ಮಾತು ಮರೆತಳು.

"ನಿನಗೆ ಒಳ್ಳೇದಾಗ್ಲಿ ಅಂತ," ಎಂದಳು ಮೆಲ್ಲಗೆ.

"ನನಗೆ ಹದಿನಾರು ವರ್ಷ ಆಗೋವರೆಗೂ ಭಾಷೆನೇ ಇರ್ಲಿಲ್ಲ ಅಮ್ಮ. ಅನ್ನ, ನೀರು, ನಿದ್ದೆ, ನೋವು, ಇಷ್ಟೇ ಇತ್ತು. 'ಯಾಕೆ' ಅಂತ ಕೇಳೋಕೆ ಒಂದು ಸನ್ನೆ ಇತ್ತಾ ಈ ಮನೇಲಿ? ಕೂಟಕ್ಕೆ ಹೋದ್ಮೇಲೆ ಸಿಕ್ಕಿದ್ದು ನನಗೆ ಮಾತು. ಇಷ್ಟು ವರ್ಷದಲ್ಲಿ ಒಂದು ಭಾನುವಾರ ಬಂದ್ರಾ ಯಾರಾದ್ರೂ, ನೋಡೋಣ ಅಂತ?"

ಅಪ್ಪ ಕೆಮ್ಮಿದ. "ಭಾನುವಾರ ನನಗೆ ಡ್ಯೂಟಿ ಇರುತ್ತೆ..."

"ಫೋಟೊಕ್ಕೆ ರಜ ಸಿಕ್ತಲ್ಲಪ್ಪ."

ಆಮೇಲೆ ಚಿಟ್ಟೆ ಅಕ್ಕನ ಕಡೆ ತಿರುಗಿದಳು. ಈ ಸಲ ಕೈ ನಿಧಾನವಾಗಿತ್ತು, ದುಭಾಷಿಯ ದನಿಯೂ ತಗ್ಗಿತು. "ದರ್ಜಿಗೆ ಬರೋ ತಿಂಗಳು ಹೆರಿಗೆ. ಆಗ ಈ ದುಭಾಷಿ ಇರಲ್ಲ, ನಿನ್ನ ಪರದೆ ಇರುತ್ತೆ. ಅವಳು ಬೇನೆ ತಿಂತಾ 'ಮತ್ತೆ ಮಾಡಿ', 'ಮತ್ತೆ ಮಾಡಿ' ಅಂತ ಓದ್ತಾ ನಿಂತಿರ್ಬೇಕು. ಅಕ್ಕ, ಅವಳು ನಮ್ಮಜ್ಜಿ ಕತೆ ಕೇಳಿ ಬೆಳೆದವಳಲ್ಲ."

ದೊಡ್ಡವಳು ತಟ್ಟೆಯಲ್ಲಿ ಕೈಯಿಟ್ಟವಳು ಹಾಗೇ ಇದ್ದಳು. ಅನ್ನ ಬೆರಳಿಗೆ ಒಣಗಿ ಅಂಟಿತು. "ನಾಳೆನೇ ಹೋಗಿ ಎಲ್ಲಾ ತೆಗ್ಸಿ ಹಾಕ್ತೀನಿ," ಎಂದಳು ಕೊನೆಗೆ, ತಂಗಿಯನ್ನೇ ನೋಡಿ.

*

ಕಂಪನಿಯ ಮ್ಯಾನೇಜರ್ ಒಳ್ಳೆಯ ಮನುಷ್ಯನಂತೆ ಕಂಡ. ಕಾಫಿ ತರಿಸಿದ. ಪಕ್ಕದಲ್ಲಿ ಕೂತ ಸ್ಟುಡಿಯೊ ಯಜಮಾನರ ಮುಖ ಮಾತ್ರ ಹುಳಿ ಕಚ್ಚಿದಂತಿತ್ತು.

"ನೂರಕ್ಕೆ ತೊಂಬತ್ತೇಳು ಸರಿ ಓದಿದೆ ಮೇಡಂ. ಇಂಥಾ ರಿಸಲ್ಟ್ ಯಾರಿಗೂ ಬಂದಿಲ್ಲ."

"ಯಾರ ಕೈ ತೋರ್ಸಿ ನೋಡಿದ್ರಿ ಸಾರ್?"

"ನೀವೇ ಕಳ್ಸಿದ್ರಲ್ಲ, ಅದರಲ್ಲೇ ಒಂದಿಷ್ಟು ಪಕ್ಕಕ್ಕೆ ತೆಗೆದಿಟ್ಟಿದ್ವಿ."

ದೊಡ್ಡವಳಿಗೆ ನಗು ಬಂತು, ಬೆನ್ನಿಗೇ ಮೈ ಉರಿಯಿತು. ಅಪ್ಪನ ಕೈಯಿಂದ ಕಲಿತದ್ದನ್ನು ಅಪ್ಪನ ಕೈಗೇ ಒಪ್ಪಿಸಿ, ಫಸ್ಟ್ ಕ್ಲಾಸ್ ಪಾಸು! "ಸಾರ್, ಅದು ನಮ್ಮನೆ ಸನ್ನೆ. ನಮ್ಮಜ್ಜಿ ಕಟ್ಟಿದ್ದು. ಊರಲ್ಲಿ ಇನ್ಯಾರಿಗೂ ಬರಲ್ಲ. ತಪ್ಪು ನನ್ನದೇ. ಆ ಚಿತ್ರ ಎಲ್ಲಾ ತೆಗೆದುಬಿಡಿ, ಕೂಟದವರನ್ನ ಕರೆದು ಹೊಸದಾಗಿ ಮಾಡೋಣ."

"ಮುಂದಿನ ವಾರ ಉದ್ಘಾಟನೆ ಇದೆ!" ಎಂದರು ಯಜಮಾನರು. "ತಲೆ ಕೆಟ್ಟಿದ್ಯಾ ನಿನಗೆ?"

ಮ್ಯಾನೇಜರ್ ಬೆರಳು ಎತ್ತಿ ಅವರನ್ನು ಸುಮ್ಮನಿರಿಸಿದ. ಅವನಿಗೆ ಏನೋ ಹೊಳೆದಿತ್ತು. "ನಿಮ್ಮ ಸನ್ನೆ ತುಂಬಾ ಕ್ಲಿಯರ್ ಆಗಿದೆ ಮೇಡಂ, ನೋಡೋಕೂ ಚೆಂದ. ಒಂದು ಕೆಲಸ ಮಾಡೋಣ. ಅದನ್ನೇ ಚಾರ್ಟ್ ಹಾಕಿ ಎಲ್ಲಾ ಕಿವುಡರ ಕೂಟಕ್ಕೂ ಹಂಚ್ತೀವಿ. ಅವರೇ ಕಲೀಲಿ."

"ಅವರ ಭಾಷೆ ಬಿಟ್ಟು ನಮ್ಮನೆದು ಕಲೀಬೇಕಾ?"

"ಅವರ ಅನುಕೂಲಕ್ಕೇ ತಾನೆ? ಅಂದ ಹಾಗೆ, ಉದ್ಘಾಟನೆಗೆ ನಿಮ್ಮಜ್ಜಿಯನ್ನ ಕರ್ಕೊಂಡ್ ಬನ್ನಿ. ಆ ಸುಕ್ಕು ಕೈ ಪರದೆ ಮುಂದೆ ಭಾಳ ಚೆನ್ನಾಗಿ ಕಾಣುತ್ತೆ."

ದೊಡ್ಡವಳು ಕಾಫಿ ಮುಟ್ಟದೆ ಎದ್ದು ಬಂದಳು. ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಒದರಿದಳು. ಅಪ್ಪ ಮೇಜಿಗೆ ಗುದ್ದಿದ, ಅಮ್ಮ ಕಂಪನಿಯ ಏಳು ತಲೆಮಾರನ್ನು ಬೈದಳು. ಅಜ್ಜಿ ಕೇಳಿದ್ದು ಒಂದೇ: "ನನ್ನ ಕರೆದಿದ್ದಾರಾ? ಹಾಗಾದ್ರೆ ಹೋಗದೇ ಇದ್ರೆ ಮರ್ಯಾದೆ ಅಲ್ಲ."

ಹೊರಡುವ ಮುಂಚೆ ದೊಡ್ಡವಳು ದುಭಾಷಿಯನ್ನು ಕೇಳಿಕೊಂಡು ತಂಗಿಗೆ ಹೇಳಿಸಿದಳು: ನಿಮ್ಮ ಪರವಾಗಿ ಅಲ್ಲಿ ನಾನು ಮಾತಾಡುತ್ತೇನೆ.

ಚಿಟ್ಟೆ ಕೆಂಡವಾದಳು. ಉತ್ತರ ದುಭಾಷಿಯ ಬಾಯಲ್ಲಿ ಬಂತು: "ನಮ್ಮ ಪರವಾಗಿ ಮಾತಾಡಿದ್ದು ಸಾಕು. ನಿನ್ನ ಪರವಾಗಿ ಮಾತಾಡು. ನಮ್ಮದು ನಾವು ನೋಡ್ಕೋತೀವಿ."

*

ಆಸ್ಪತ್ರೆಯ ಸಭಾಂಗಣದಲ್ಲಿ ಹೂವಿನ ಕುಂಡ, ಮೈಕು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಹಿಂದಿನ ಸಾಲುಗಳ ತುಂಬ ಕೂಟದವರು. ದರ್ಜಿಯೂ ಬಂದಿದ್ದಳು, ಎರಡು ಕುರ್ಚಿಯ ಜಾಗದಲ್ಲಿ ಕೂತು. ದುಭಾಷಿಯ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಅವಳನ್ನು ಯಾರೂ ಕರೆದಿರಲಿಲ್ಲ.

ಅಜ್ಜಿ ಪರದೆಯ ಮುಂದೆ ನಿಂತಳು. ಕೊಕ್ಕು ಅದ್ದಿದಳು: ನೀರು. ಚುಚ್ಚಿದಳು: ನೋವು. ದಿಂಬಿನಡಿ ಸೂರ್ಯನನ್ನು ಬಚ್ಚಿಟ್ಟಳು: ನಾಳೆ. ಮುಂದಿನ ಸಾಲು ಚಪ್ಪಾಳೆಯಲ್ಲಿ ಮುಳುಗಿತು. ಆಸ್ಪತ್ರೆಯ ಮುಖ್ಯಸ್ಥರು ಕರಗಿ ಹೋದರು. ಎದ್ದು ಬಂದು, ಕೈ ಬಾಯಿ ಎರಡನ್ನೂ ದೊಡ್ಡದಾಗಿ ಆಡಿಸುತ್ತ, "ಅ-ಜ್ಜಿ! ಖು-ಷಿ ಆ-ಯ್ತಾ?" ಎಂದು ಕೂಗಿದರು.

"ಯಾಕಪ್ಪ ಅಷ್ಟು ಕಿರುಚ್ತೀಯ?" ಎಂದಳು ಅಜ್ಜಿ ಮೈಕಿನಲ್ಲಿ. "ನನಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ."

ದೊಡ್ಡವಳು ಎದ್ದು ಅಜ್ಜಿಯ ಪಕ್ಕ ನಿಂತಳು. ಮೈಕು ತನ್ನ ಕಡೆ ಎಳೆದುಕೊಂಡಳು. "ಇದರಲ್ಲಿರೋ ಕೈ ಎಲ್ಲಾ ನಮ್ಮನೆಯವರದು. ನಮಗೆಲ್ಲರಿಗೂ ಕಿವಿ ಕೇಳುತ್ತೆ. ಕಿವುಡರ ಕೈ ಒಂದೂ ಇಲ್ಲ ಇದರಲ್ಲಿ. ನನಗೆ ಸನ್ನೆ ಭಾಷೆ ಬರುತ್ತೆ ಅಂದಿದ್ದೆ. ಬರಲ್ಲ. ನನ್ನ ಮಾತು ಇಷ್ಟೇ."

ಮ್ಯಾನೇಜರ್ ಎದ್ದ. ಅಷ್ಟರಲ್ಲಿ ದರ್ಜಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲೇರಿ ಪರದೆಯ ಮುಂದೆ ಬಂದಾಗಿತ್ತು. ಅವಳ ಕೈ ಆಡಿತು.

ಅರ್ಥವಾಗಲಿಲ್ಲ. ದಯವಿಟ್ಟು ಮತ್ತೆ ಮಾಡಿ.

ಅವಳ ಹಿಂದೆ ಚಿಟ್ಟೆ. ಚಿಟ್ಟೆಯ ಹಿಂದೆ ಒಬ್ಬ ಬಡಗಿ, ಅವನ ಹಿಂದೆ ಇನ್ನೂ ಹತ್ತಾರು ಜನ, ಸಾಲು ಬಾಗಿಲು ದಾಟಿತು. ಪರದೆ ಒಂದನ್ನೂ ಓದಲಿಲ್ಲ, ಒಬ್ಬರನ್ನೂ ಬಿಡಲಿಲ್ಲ. ಮತ್ತೆ ಮಾಡಿ. ಮತ್ತೆ ಮಾಡಿ. ಕೊನೆಗೆ ಎಲ್ಲರೂ ಪರದೆಗೆ ಬೆನ್ನು ಹಾಕಿ ಮುಖ್ಯಸ್ಥರ ಕಡೆ ತಿರುಗಿ, ಒಟ್ಟಿಗೆ ಒಂದೇ ಮಾತನ್ನು ಕೈಯಲ್ಲಿ ಹೇಳತೊಡಗಿದರು.

"ಏನಂತಿದ್ದಾರೆ ಇವರು?" ಎಂದರು ಮುಖ್ಯಸ್ಥರು. ಗುಮಾಸ್ತನನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ದೊಡ್ಡವಳನ್ನು ನೋಡಿದರು. ದೊಡ್ಡವಳು ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದಳು. "ಆ ದುಭಾಷಿ ಎಲ್ಲಿ?"

"ನಿನ್ನೆ ನೀವೇ ಮನೆಗೆ ಕಳ್ಸಿದ್ರಲ್ಲಪ್ಪ," ಎಂದಳು ಅಜ್ಜಿ.

ಮನೆಗೆ ಹೋಗಿರಲಿಲ್ಲ ಅವಳು. ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಗುಮಾಸ್ತ ಓಡಿಹೋಗಿ ಕರೆದು ತಂದ. ಅವಳು ಗುಂಪಿನ ಕೈಗಳನ್ನು ಒಂದು ಗಳಿಗೆ ನೋಡಿ ಹೇಳಿದಳು: "'ನಮ್ಮನ್ನ ಕೇಳಿದ್ರಾ?' ಅಂತಿದ್ದಾರೆ ಸಾರ್. ಇಷ್ಟೊತ್ತೂ ಅದೊಂದೇ ಮಾತು. ಮುಂದಿಂದು ನಿಧಾನಕ್ಕೆ ಹೇಳ್ತೀನಿ, ಮೊದ್ಲು ನನ್ನ ಕುರ್ಚಿ ಮೇಲಿನ ಫೈಲು ತೆಗ್ಸಿ."

*

ಫೈಲು ಹೋಯಿತು. ದುಭಾಷಿಗೆ ಕುರ್ಚಿ ಮರಳಿತು, ಸದ್ಯಕ್ಕೆ ಎಂಬ ಮಾತಿನೊಂದಿಗೆ. ಪರದೆಗೆ ಒಂದು ಬಟ್ಟೆ ಹೊದಿಸಿದರು. ಬಟ್ಟೆ ಬಿಚ್ಚಲಿಲ್ಲ, ಪರದೆ ತೆಗೆಯಲೂ ಇಲ್ಲ. ಚಿತ್ರಗಳನ್ನು ಅಳಿಸುತ್ತೇವೆಂದು ಕಂಪನಿ ಬಾಯಿ ಬಿಟ್ಟು ಹೇಳಲಿಲ್ಲ. ಅಮ್ಮನ ಹಿಟ್ಟಿನ ಉಗುರು, ಅಪ್ಪನ ಅಟ್ಟೆಯಂಥ ಅಂಗೈ ಇವತ್ತಿಗೂ ಎಲ್ಲೋ ಯಾವುದೋ ಮೆಷಿನ್ನಿಗೆ ಸುಳ್ಳು ಕಲಿಸುತ್ತಿರಬಹುದು. ಸ್ಟುಡಿಯೊ ಯಜಮಾನರು ದೊಡ್ಡವಳಿಗೆ ನಾಳೆಯಿಂದ ಬರಬೇಡ ಎಂದರು. ದರ್ಜಿಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆ ಕೋಣೆಯಲ್ಲಿ ದುಭಾಷಿ ತಲೆಯ ಹತ್ತಿರವೇ ನಿಂತಿದ್ದಳಂತೆ.

ಹಸಿರು ಬಟ್ಟೆ ಈಗ ಇಸ್ತ್ರಿ ಮೇಜಿನ ಹಾಸು. ಒಂದು ಭಾನುವಾರ ಚಿಟ್ಟೆ ಕೂಟಕ್ಕೆ ಹೊರಡಲು ಅದರ ಮೇಲೆ ಅಂಗಿ ತೀಡುತ್ತಿದ್ದಾಗ, ಅಪ್ಪ ಅಮ್ಮ ಇಬ್ಬರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ದೊಡ್ಡವಳು ತಂಗಿಯ ಎದುರಿಗೆ ಬಂದು ಗಂಟಲು ತೋರಿಸಿ, ಬರಿಗೈ ಚಾಚಿದಳು: ನಿಮ್ಮ ಭಾಷೆಯಲ್ಲಿ ಇದಕ್ಕೇನನ್ನುತ್ತಾರೆ?

ಚಿಟ್ಟೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. ಲೋಟದಲ್ಲಿ ನೀರು ತಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಾಡಿ ತೋರಿಸಿದಳು. ದೊಡ್ಡವಳು ಮಾಡಿದಳು. ಚಿಟ್ಟೆ ತಲೆ ಅಡ್ಡಡ್ಡ ಆಡಿಸಿ ಅವಳ ಹೆಬ್ಬೆರಳನ್ನು ತಿದ್ದಿದಳು.

"ನನ್ನ ಕೊಕ್ಕರೆ ಗತಿ ಏನೇ?" ಎಂದು ಅಜ್ಜಿ ಕುರ್ಚಿಯಿಂದಲೇ ಕೊಕ್ಕು ಎತ್ತಿ ಕೇಳಿದಳು. ಚಿಟ್ಟೆ ಬಗ್ಗಿ ಆ ಸುಕ್ಕು ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ನೆಲದ ಕಡೆ, ಗೋಡೆಗಳ ಕಡೆ ಬೆರಳು ಆಡಿಸಿದಳು. ಅದು ಇಲ್ಲಿರಲಿ, ಈ ಮನೆಯಲ್ಲಿ.

ದೊಡ್ಡವಳು ಇನ್ನೊಮ್ಮೆ ಮಾಡಿ ಲೋಟಕ್ಕೆ ಕೈ ಚಾಚಿದಳು. ಚಿಟ್ಟೆ ಲೋಟವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮುಖದಲ್ಲಿ ನಗುವಿರಲಿಲ್ಲ. ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಎಳೆದಳು. ಅದರ ಅರ್ಥ ಈಗ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮತ್ತೆ ಮಾಡು.